ಕಡತದ ಏಳನೇ ಪುಟ

ದಿಲ್ಲಿಯ ಆರ್.ಕೆ.ಪುರಂನ ಆ ಸರ್ಕಾರಿ ಔಷಧಾಲಯದಲ್ಲಿ ಮೂರು ಕಿಟಕಿಗಳಿದ್ದವು. ನಡುವಿನದು ಮಹಂತೇಶನದು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರ ತನಕ ಕಿಟಕಿಯ ಹೊರಗೆ ಪೆನ್ಶನ್‌ದಾರರ ಸಾಲು, ಒಳಗೆ ಅವನು. ಚೀಟಿ ಒಳಗೆ ಬರಬೇಕು, ಗುಳಿಗೆ ಹೊರಗೆ ಹೋಗಬೇಕು. ಹನ್ನೆರಡು ವರ್ಷದಿಂದ ಅದನ್ನೇ ಮಾಡಿದ ಕೈಗಳಿಗೆ ಈಗೀಗ ಅವನ ಅವಶ್ಯಕತೆಯೇ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಹಿತ್ತಿಲ ಬೇವಿನ ನೆರಳು ಕಪಾಟಿನ ಗಾಜಿನ ಮೇಲೆ ಬಂದು ತೂಗಾಡತೊಡಗಿದರೆ ಸಾಕು, ಕೈಗಳು ಎಣಿಸುತ್ತಲೇ ಇರುತ್ತಿದ್ದವು, ಮನಸ್ಸು ಮೆಲ್ಲಗೆ ಎದ್ದು ಹೋಗಿಬಿಡುತ್ತಿತ್ತು.

ಹೋಗುತ್ತಿದ್ದದ್ದು ಒಂದೇ ಜಾಗಕ್ಕೆ. ಉದ್ದನೆಯದೊಂದು ಕೋಣೆ, ಕರಿಕಲ್ಲಿನ ಮೇಜುಗಳು, ಮೇಜಿನ ಮೇಲೆ ಗಾಜಿನ ನಳಿಗೆಗಳು. ಬಿಸಿಲು ಒಳಗೆ ಬಂದು ಗಾಜಿನಲ್ಲಿ ಇಳಿದು ಕುಳಿತಿದೆ. ನಳಿಗೆಯೊಂದರ ತುದಿಯಲ್ಲಿ ಹನಿ ಕೂಡುತ್ತಿದೆ, ಇನ್ನೂ ಬಿದ್ದಿಲ್ಲ. ಅದು ಬಿದ್ದ ಕೂಡಲೇ ಕೆಳಗಿನ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ ಎಂದು ಅವನಿಗೆ ಗೊತ್ತು. ಯಾಕೆ ತಿರುಗುತ್ತದೆ ಎಂದು ಪಕ್ಕದಲ್ಲಿ ನಿಂತ ಯಾರೋ ಇನ್ನೇನು ಹೇಳಬೇಕು...

"ಮಹಂತೇಶ್‌ಜೀ, ಕಹಾಂ ಖೋ ಗಯೇ, ಎಲ್ಲಿ ಕಳೆದುಹೋದಿರಿ?" ಸಾಲಿನ ಮುಂದಿನ ಮುದುಕರು ಕಿಟಕಿಯ ಹಲಗೆ ತಟ್ಟುತ್ತಿದ್ದರು. "ಎಲ್ಲಿಗಾದರೂ ಹೋಗಿ ಬನ್ನಿ, ನನ್ನ ಬಿಪಿ ಗುಳಿಗೆಯನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ!"

ಸಾಲಿಗೆ ಸಾಲೇ ನಗುತ್ತಿತ್ತು. ಮಹಂತೇಶನೂ ನಕ್ಕು ಗುಳಿಗೆ ಕೊಡುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಂದು ಗುಳಿಗೆಯೂ ತಪ್ಪಿ ಹೋದದ್ದಿಲ್ಲ. ಹಾಗಾಗಿ ಅವನ ಈ ಅಭ್ಯಾಸವನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ.

ಅವನ ಊರು ಕುಷ್ಟಗಿ ತಾಲ್ಲೂಕಿನಲ್ಲಿ. ಅಪ್ಪ ಊರಿನ ವಾಲೀಕಾರ. ಚಾವಡಿಯ ಕಾಗದಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಾಲ್ಲೂಕು ಕಚೇರಿಗೆ ನಡೆದು ಹೋಗಿ ಮುಟ್ಟಿಸುವುದು, ಅಲ್ಲಿಯದನ್ನು ಇಲ್ಲಿಗೆ ತರುವುದು. ಓದು ಬಾರದ ಮನುಷ್ಯ, ಆದರೆ ಚೀಲವನ್ನು ನೆಲಕ್ಕೆ ಇಡುತ್ತಿರಲಿಲ್ಲ. ದಾರಿಯಲ್ಲಿ ನೀರು ಕುಡಿಯಲು ನಿಂತರೆ ಮಗನ ಕೊರಳಿಗೆ ಹಾಕುತ್ತಿದ್ದ. "ಒಳಗ ಕೈ ಹಾಕಬ್ಯಾಡ ಮತ್ತ. ಅದು ನಮ್ಮದಲ್ಲ, ಸರಕಾರದ್ದು," ಎನ್ನುತ್ತಿದ್ದ. ಏಳು ವರ್ಷದ ಮಹಂತೇಶ ಆ ಚೀಲವನ್ನು ಎದೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಹಾಗೆ ಅಪ್ಪನ ಜೊತೆ ಹೋದಾಗಲೇ ಅವನು ತಾಲ್ಲೂಕು ಆಸ್ಪತ್ರೆಯ ಕಂಪೌಂಡರನನ್ನು ಮೊದಲು ಕಂಡದ್ದು. ಮನೆಯಿಂದ ಒಯ್ದ ಖಾಲಿ ಬಾಟಲಿಗೆ ಆತ ಕೆಂಪು ಔಷಧ ಸುರಿದ. ಬಿಳಿ ಕಾಗದದ ಪಟ್ಟಿಯನ್ನು ಮಡಿಚಿ ಕತ್ತರಿಯಿಂದ ಚಕಚಕನೆ ಕಚ್ಚು ಹಾಕಿ ಬಿಡಿಸಿದ. ಏಣಿಯ ಮೆಟ್ಟಿಲಿನಂಥ ಆ ಪಟ್ಟಿಯನ್ನು ಬಾಟಲಿಗೆ ಅಂಟಿಸಿ, "ಹೊತ್ತಿಗೆ ಒಂದೊಂದು ಮೆಟ್ಟಿಲು ಇಳಿಸಬೇಕು," ಎಂದ. ಅಮ್ಮನ ಜ್ವರ ಮೂರನೇ ದಿನಕ್ಕೆ ಇಳಿಯಿತು. ಜ್ವರ ಆ ಕಾಗದದ ಮೆಟ್ಟಿಲ ಮೇಲೇ ಇಳಿದು ಹೋಯಿತೆಂದು ಮಹಂತೇಶ ಬಹಳ ದಿನ ನಂಬಿದ್ದ.

ಪಿಯುಸಿ ಆದ ಮೇಲೆ ಬಾಗಲಕೋಟೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿದ. ಮೆಟ್ಟಿಲಿಳಿಯುವ ಜ್ವರದ ಕಥೆ ಅಲ್ಲಿ ಮುಗಿಯಿತು. ಆದರೆ ಬೇರೆ ಕಥೆ ಶುರುವಾಗಲಿಲ್ಲ. ಯಾವ ಔಷಧ, ಎಷ್ಟು, ದಿನಕ್ಕೆ ಎಷ್ಟು ಸಲ, ಇಷ್ಟನ್ನು ಕಲಿಸಿದರು. ಮುಂದಿನದನ್ನು ಕೇಳಿದರೆ, "ಅದೆಲ್ಲ ಡಿಗ್ರಿಯಲ್ಲಿ ಬರುತ್ತಪ್ಪ," ಎಂದರು. ಡಿಗ್ರಿಗೆ ಹೋಗುವ ಮೊದಲೇ ಕೇಂದ್ರ ಸರ್ಕಾರದ ನೌಕರಿ ಬಂತು, ದಿಲ್ಲಿ ಬಂತು, ಇಂದಿರಾ ಬಂದಳು, ಅನನ್ಯಾ ಹುಟ್ಟಿದಳು. ಆ ಉದ್ದನೆಯ ಕೋಣೆ ಮಾತ್ರ ದಿನಾ ಹನ್ನೊಂದು ಗಂಟೆಗೆ ಬಂದು ಹೋಗುತ್ತಿತ್ತು.

ಅದನ್ನು ಕಿಟಕಿಯಿಂದ ಹೊರಗೆಳೆದವಳು ಅನನ್ಯಾ. 2006ರ ಏಪ್ರಿಲ್‌ನಲ್ಲಿ ತಲೆನೋವೆಂದು ಶಾಲೆಯಿಂದ ಬೇಗ ಬಂದ ಒಂಬತ್ತು ವರ್ಷದ ಹುಡುಗಿ, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು.

"ಪಪ್ಪಾ, ಇದು ಪೇಟ್ ಮೇಂ ಜಾತೀ ಹೈ ನಾ, ಹೊಟ್ಟೆಗೆ? ಮತ್ತೆ ದರ್ದ್ ತಲೆಯಲ್ಲಿದೆ ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?"

ಮಹಂತೇಶ ಬಾಯಿ ತೆರೆದ. ರಕ್ತ, ನರ, ಎಂದೇನೋ ಎರಡು ಮಾತು ಹೇಳಿ ನಿಂತುಬಿಟ್ಟ.

"ನಿನಗೆ ಗೊತ್ತಿಲ್ವಾ?" ಅವಳಿಗೆ ನಿಜಕ್ಕೂ ಆಶ್ಚರ್ಯ. "ನೀನು ಅದನ್ನೇ ಕೊಡೋದಲ್ವಾ ದಿನಾ?"

"ಕೊಡೋದು ಗೊತ್ತು, ಕೂಸೇ," ಎಂದ ಮಹಂತೇಶ.

ಒಳಗಿಂದ ಇಂದಿರಾ, "ಪೋಸ್ಟ್‌ಮ್ಯಾನ್‌ಗೆ ಕಾಗದದಲ್ಲಿ ಏನು ಬರೆದಿದೆ ಅಂತ ಗೊತ್ತಿರುತ್ತಾ?" ಎಂದು ಗಂಡನ ಪರ ವಹಿಸಿ ನಕ್ಕಳು. ಮಹಂತೇಶ ನಗಲಿಲ್ಲ.

ಮರುವಾರವೇ ಅವನು ದಕ್ಷಿಣ ದಿಲ್ಲಿಯ ಆಚೆ ತುದಿಯ ಫಾರ್ಮಸಿ ಕಾಲೇಜಿಗೆ ಹೋಗಿ ವಿಚಾರಿಸಿ ಬಂದ. ಡಿಪ್ಲೊಮಾ ಆದವರಿಗೆ ಡಿಗ್ರಿಯ ಎರಡನೇ ವರ್ಷಕ್ಕೆ ನೇರ ಪ್ರವೇಶವಿತ್ತು. ಹನ್ನೆರಡು ಸೀಟು, ಡಿಪ್ಲೊಮಾ ಅಂಕಗಳ ಮೇಲೆ ಆಯ್ಕೆ. ವಯಸ್ಸು ಮೂವತ್ತೈದು ದಾಟಿರಬಾರದು. ಮಹಂತೇಶನಿಗೆ ಅಕ್ಟೋಬರಿಗೆ ಮೂವತ್ತೈದು ತುಂಬುತ್ತಿತ್ತು. ಮುಂದಿನ ವರ್ಷ ಎಂಬುದು ಅವನ ಪಾಲಿಗೆ ಇರಲೇ ಇಲ್ಲ. ಜೂನ್ ಹದಿನಾರು, ಶುಕ್ರವಾರ, ಸಂಜೆ ನಾಲ್ಕು ಕೊನೆಯ ಗಡುವು. ಒಬ್ಬರಿಗೆ ಎಷ್ಟು ಫಾರಂ ಬೇಕಾದರೂ ಕೊಡುತ್ತಿದ್ದರು, ಅವನು ಒಂದೇ ತಂದ.

ಆ ರಾತ್ರಿಯೂಟ ಆದ ಮೇಲೆ ಅವನೂ ಇಂದಿರಾಳೂ ಲೆಕ್ಕ ಹಾಕಿದ್ದು ದಿನಗಳನ್ನು. ಅಧ್ಯಯನ ರಜೆ ಎರಡು ವರ್ಷ. ಊರಿಗೂ ಹೋಗದೆ ಉಳಿಸಿದ ಗಳಿಕೆ ರಜೆ ಕೆಲವು ತಿಂಗಳು. ಕಾಲೇಜಿಗೆ ಸೂಟಿ ಇದ್ದಾಗ ಡ್ಯೂಟಿಗೆ ಬರುವುದು. ಹೇಗೋ ಮೂರು ವರ್ಷ ದಾಟಬಹುದಿತ್ತು. ಆದರೆ ಫಾರಂನ ಹದಿನಾಲ್ಕನೇ ಕಲಂನಲ್ಲಿ, ನೌಕರಿಯಲ್ಲಿರುವವರು ಮೇಲಧಿಕಾರಿಗಳ ಮೂಲಕವೇ ಅರ್ಜಿ ಸಲ್ಲಿಸಬೇಕು ಎಂದಿತ್ತು. ಕೆಳಗೆ ಅವರ ಸಹಿ, ಮುದ್ರೆಗೆ ಮೂರು ಚೌಕಗಳಿದ್ದವು.

ಅವರ ಕ್ವಾರ್ಟರ್ಸಿನ ಮೇಲಿನ ಮಹಡಿಯಲ್ಲಿ ಗುಂಡಣ್ಣನವರಿದ್ದರು. ಮಂಡ್ಯದ ಕಡೆಯವರು, ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರು, ಬರುವ ವರ್ಷ ನಿವೃತ್ತಿ. ಕನ್ನಡದವರ ಮನೆಗಳ ಕಾಗದವೆಲ್ಲ ಒಮ್ಮೆ ಅವರ ಕನ್ನಡಕದ ಕೆಳಗೆ ಹಾದೇ ಮುಂದೆ ಹೋಗಬೇಕು. ಅವರ ಹೆಂಡತಿ ಮನೋರಮಾ ಬಾಗಿಲು ತೆರೆದವರೇ, "ಬಾಪ್ಪಾ ಮಹಂತೇಶ, ಕಾಗದ ತಂದಿದ್ದೀಯಾ? ಹಾಗಾದರೆ ಇವರು ಎದ್ದು ಕೂರ್ತಾರೆ. ಮನೇಲಿ ಉಪ್ಪು ಮುಗಿದರೂ ನಾನು ನೋಟ್ ಹಾಕಿ ಮಂಜೂರು ಮಾಡಿಸ್ಕೋಬೇಕು," ಎಂದರು.

ಗುಂಡಣ್ಣ ಫಾರಂ ಅನ್ನು ಎರಡು ಸಲ ಓದಿದರು.

"ಪ್ರಾಪರ್ ಚಾನೆಲ್‌ನಲ್ಲೇ ಹಾಕು. ಆದರೆ ಇನ್ನೊಂದು ಫಾರಂ ತಗೊಂಡು ಅಡ್ವಾನ್ಸ್ ಕಾಪಿ ಅಂತ ಮೇಲೆ ಬರೆದು ನೀನೇ ಕಾಲೇಜಿಗೆ ಕೊಟ್ಟುಬಿಡು. ಅಸಲು ಕಾಗದ ಮೇಲಿಂದ ನಿಧಾನಕ್ಕೆ ಬರಲಿ. ಮೂವತ್ತಾರು ವರ್ಷದಿಂದ ನೋಡಿದ್ದೀನಿ ಕಣಯ್ಯಾ, ಎಲ್ಲರೂ ಹಾಗೇ ಮಾಡೋದು."

"ಡಾಕ್ಟರ್ ಮೇಡಂ ಕೈಗೆ ಒಂದು ಕೊಟ್ಟು, ಅವರ ಬೆನ್ನ ಹಿಂದೆ ಇನ್ನೊಂದು ಕೊಟ್ಟ ಹಾಗೆ ಆಗುತ್ತಲ್ಲ ಸರ್?"

"ಬೆನ್ನೂ ಇಲ್ಲ, ಹೊಟ್ಟೆಯೂ ಇಲ್ಲ. ಇದು ಪದ್ಧತಿ!"

ಮಹಂತೇಶ ಹೂಂ ಎಂದು ಬಂದ. ಆದರೆ ಇನ್ನೊಂದು ಫಾರಂ ತರಲಿಲ್ಲ. ಮೇಲಧಿಕಾರಿಗೆ ಕಾಗದ ಕೊಟ್ಟ ಮೇಲೆ ತಾನೂ ಅದರ ಹಿಂದೆ ಓಡುವುದು ಅವರ ಮೇಲೆ ಅಪನಂಬಿಕೆ ತೋರಿಸಿದಂತೆ ಎಂದು ಅವನ ಮನಸ್ಸಿಗೆ ಅನ್ನಿಸಿಬಿಟ್ಟಿತ್ತು. ಮೇ ಇಪ್ಪತ್ತೆರಡರಂದು, ದಪ್ಪಕ್ಷರದಲ್ಲಿ ತುಂಬಿದ ಅಸಲು ಫಾರಂ ಅನ್ನು ಔಷಧಾಲಯದ ಮುಖ್ಯಸ್ಥೆ ಡಾಕ್ಟರ್ ಮೇಡಂ ಮುಂದಿಟ್ಟ. ಅವರು ಕಣ್ಣರಳಿಸಿದರು. "ಅಚ್ಛಾ, ಅದಕ್ಕೇ ನೀವು ಕಿಟಕಿಯಲ್ಲಿ ಕಳೆದುಹೋಗ್ತಿದ್ದದ್ದು!" ಎಂದು ಅಲ್ಲೇ ಮೊದಲ ಚೌಕದಲ್ಲಿ ಸಹಿ ಹಾಕಿ, ಮುದ್ರೆ ಒತ್ತಿ, ವಲಯ ಕಚೇರಿಗೆ ಕಳಿಸಿದರು.

ಆಮೇಲಿನ ಮೂರು ವಾರ ಮಹಂತೇಶ ಅರ್ಧ ನಿದ್ದೆಯಲ್ಲಿ ನಡೆದಂತೆ ಕಳೆದ. ಬಿಸಿಗಾಳಿ ಬೀಸುತ್ತಿತ್ತು, ರಸ್ತೆಯಂಚಿನಲ್ಲಿ ಅಮಲತಾಸದ ಹಳದಿ ಗೊಂಚಲುಗಳು ಇಳಿಬಿದ್ದಿದ್ದವು. ನಮ್ಮ ಕಡೆ ಕಕ್ಕೆ ಎನ್ನುವ ಮರವೇ ಅದು. ಅದರ ಕಾಯಿ ಹೊಟ್ಟೆಗೆ ಔಷಧವೆಂದು ಅವನು ಬಲ್ಲ. ಯಾಕೆ ಔಷಧ ಎಂಬುದನ್ನು ಬರುವ ಚಳಿಗಾಲದ ಹೊತ್ತಿಗೆ ತಿಳಿದಿರುತ್ತೇನೆ ಎಂದುಕೊಂಡು ಆ ನೆರಳಲ್ಲಿ ಬಸ್ಸು ಕಾಯುತ್ತಿದ್ದ, ಎಷ್ಟೋ ಸಲ ಬಸ್ಸು ಬಂದು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ತನ್ನ ಅರ್ಜಿಯೂ ಅಪ್ಪನಂಥ ಯಾರದೋ ಕೊರಳ ಚೀಲದಲ್ಲಿ, ನೆಲಕ್ಕಿಳಿಯದೆ, ದಿಲ್ಲಿಯ ಬಿಸಿಲಲ್ಲಿ ನಡೆಯುತ್ತಾ ಹೋಗುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಹದಿನಾಲ್ಕನೇ ತಾರೀಕು ಕಾಲೇಜಿಗೆ ಫೋನ್ ಮಾಡಿದ. ಅರ್ಜಿ ಬಂದಿಲ್ಲ ಎಂದರು. ಹೊಸ ಫಾರಂ ಕೊಡುವುದು ಹತ್ತನೇ ತಾರೀಕಿಗೇ ನಿಂತಿದೆ ಎಂದೂ ಹೇಳಿದರು. ಹದಿನೈದರಂದು ವಲಯ ಕಚೇರಿಯಲ್ಲಿ, ಇಲ್ಲಿಂದ ಹೋಗಿ ಎಷ್ಟೋ ದಿನವಾಯಿತು, ಮುಖ್ಯ ಕಚೇರಿಯಲ್ಲಿ ಕೇಳಿ ಎಂದರು.

ಹದಿನಾರರಂದು ರಜೆ ಹಾಕಿ ಬೆಳಿಗ್ಗೆ ಒಂಬತ್ತೂವರೆಗೇ ಮುಖ್ಯ ಕಚೇರಿಯ ಮೆಟ್ಟಿಲೇರಿದ. ಆ ಕೋಣೆಯಿಂದ ಈ ಕೋಣೆಗೆ, ಈ ಕೋಣೆಯಿಂದ ಆ ಕೋಣೆಗೆ ಅಲೆದು, ಒಂದೂಕಾಲಿಗೆ ಮೂರನೇ ಮಹಡಿಯ ಮೂಲೆಯ ಮೇಜಿನಲ್ಲಿ ತನ್ನ ಕಡತವನ್ನು ಕಂಡ. ಮೇಜಿನ ಗುಮಾಸ್ತ ಹರಿಯಾಣದ ಕಡೆಯ ದಪ್ಪ ಮೀಸೆಯ ಮನುಷ್ಯ. ಕಡತವನ್ನು ಬಿಡಿಸಿ ತೋರಿಸಿದ. ಎಲ್ಲ ಹಾಳೆಗಳಿಗೂ ಕೆಂಪು ಶಾಯಿಯಲ್ಲಿ ಪುಟಸಂಖ್ಯೆ, ಮೂಲೆಯಲ್ಲಿ ತೂತು ಮಾಡಿ ದಾರ ಪೋಣಿಸಿತ್ತು. ಏಳನೇ ಪುಟವೇ ಅವನ ಫಾರಂ. ಎರಡು ಚೌಕ ತುಂಬಿತ್ತು, ಮೂರನೆಯದು ಖಾಲಿ.

"ನೋಡಿ ಭಾಯಿ, ಕೆಲಸವೆಲ್ಲ ಮುಗಿದಿದೆ. ಸಾಹೇಬರ ಸಹಿ ಒಂದು ಬಾಕಿ. ಅವರು ಟೂರ್‌ನಲ್ಲಿದ್ದಾರೆ, ಸೋಮವಾರ ಬರ್ತಾರೆ."

"ಕೊನೆಯ ದಿನ ಇವತ್ತು. ನಾಲ್ಕು ಗಂಟೆಗೆ."

ಗುಮಾಸ್ತ ಗಡಿಯಾರ ನೋಡಿದ, ಮಹಂತೇಶನ ಮುಖ ನೋಡಿದ. "ಅಡ್ವಾನ್ಸ್ ಕಾಪಿ ಕೊಟ್ಟಿದ್ದೀರಲ್ಲ?"

ಮಹಂತೇಶ ಅಡ್ಡಡ್ಡ ತಲೆಯಾಡಿಸಿದ.

"ಕೊಟ್ಟಿಲ್ವಾ? ಅರೇ, ಎಂಥ ಸಂತ ಮನುಷ್ಯರಪ್ಪಾ ನೀವು!" ಗುಮಾಸ್ತ ತಲೆ ಚಚ್ಚಿಕೊಂಡ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಾನು ಊಟಕ್ಕೆ ಹೋಗ್ತೀನಿ. ಅರ್ಧ ಗಂಟೆ. ಕಡತ ಇಲ್ಲೇ ಇರುತ್ತೆ, ದಾರಕ್ಕೆ ಗಂಟೇನೂ ಹಾಕಿಲ್ಲ. ಬಂದಾಗ ಏಳನೇ ಪುಟ ಇದೆಯೋ ಇಲ್ಲವೋ ಅಂತ ನಾನು ಎಣಿಸೋಕೆ ಹೋಗಲ್ಲ. ಸಮಝೇ?"

ಅವನು ಹೋದ. ಕೋಣೆಯಲ್ಲಿ ಉಳಿದದ್ದು ಫ್ಯಾನಿನ ಸದ್ದು, ಮೇಲೆದ್ದು ಮೇಲೆದ್ದು ಕೂರುವ ಕಾಗದದ ಅಂಚುಗಳು. ಮಹಂತೇಶನಿಗೆ ಒಂದು ಗಳಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆತಂತಾಯಿತು. ಕುಷ್ಟಗಿಯ ದಾರಿ, ಉರಿಬಿಸಿಲು, ಕೊರಳಲ್ಲಿ ಚೀಲದ ಭಾರ. ಅಪ್ಪ ಬಾವಿಗೆ ಬಗ್ಗಿ ನೀರು ಸೇದುತ್ತಿದ್ದಾನೆ, ಇತ್ತ ತಿರುಗಿ ನೋಡುತ್ತಿಲ್ಲ. ಕೈ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಹತ್ತು ನಿಮಿಷ ಹಾಗೇ ನಿಂತಿದ್ದ. ಆಮೇಲೆ ಕುಳಿತು ದಾರ ಸಡಿಲಿಸಿದ. ಏಳನೇ ಪುಟವನ್ನು ಅಂಚು ಹರಿಯದಂತೆ ತೆಗೆದ. ತನ್ನ ಚೀಲದಿಂದ ಬಿಳಿ ಹಾಳೆಯೊಂದನ್ನು ಎಳೆದು, ಮೇಲೆ ಏಳು ಎಂದು ಸಂಖ್ಯೆ ಹಾಕಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಬರೆದ. ಇಲ್ಲಿದ್ದ ನನ್ನ ಪ್ರವೇಶದ ಅರ್ಜಿಯನ್ನು ಈ ದಿನ ಮಧ್ಯಾಹ್ನ ಒಂದು ಮೂವತ್ತೈದಕ್ಕೆ ನಾನೇ ತೆಗೆದುಕೊಂಡು ಹೋಗಿದ್ದೇನೆ. ಇವತ್ತೇ ಕಾಲೇಜಿಗೆ ಮುಟ್ಟಬೇಕಾದ್ದರಿಂದ ಹೀಗೆ ಮಾಡಿದೆ. ಇದಕ್ಕೆ ನಾನೊಬ್ಬನೇ ಜವಾಬ್ದಾರ, ಬೇರೆ ಯಾರೂ ಅಲ್ಲ. ಕೆಳಗೆ ಹೆಸರು, ಹುದ್ದೆ, ಔಷಧಾಲಯ, ತಾರೀಕು. ಆ ಹಾಳೆಗೂ ಮೂಲೆಯಲ್ಲಿ ತೂತು ಮಾಡಿ ಆರು ಮತ್ತು ಎಂಟರ ನಡುವೆ ಪೋಣಿಸಿ, ದಾರಕ್ಕೆ ಗಂಟು ಹಾಕಿ ಎದ್ದ.

ಆ ದಿನದ ಆಟೋ ಸವಾರಿ ಅವನಿಗೆ ಆಮೇಲೆ ನೆನಪಿಗೆ ಬರುತ್ತಿದ್ದದ್ದು ಕನಸಿನ ತುಂಡುಗಳಂತೆ. ಮೇಲ್ಸೇತುವೆಯ ಮೇಲೆ ಧೂಳಿನ ತೆರೆಯೊಂದು ಎದ್ದು ಇಡೀ ಊರೇ ಜೇನಿನ ಬಣ್ಣಕ್ಕೆ ತಿರುಗಿತು. ಯಾವ ಸಿಗ್ನಲ್ಲಿನಲ್ಲೂ ಸದ್ದಿರಲಿಲ್ಲವೆಂದೇ ಅವನ ನೆನಪು, ಹಾಗಿರಲು ಸಾಧ್ಯವೇ ಇಲ್ಲ. ಫಾರಂ ಅನ್ನು ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದಿದ್ದ. ಮೂರೂ ಮುಕ್ಕಾಲಿಗೆ ಕಾಲೇಜಿನ ಕೌಂಟರ್ ಮುಂದೆ ನಿಂತಾಗ ಕಾಗದದ ಬೆನ್ನು ಬೆವರಿಗೆ ತೊಯ್ದಿತ್ತು.

ಕೌಂಟರಿನ ಹೆಂಗಸು ಮೂರನೇ ಚೌಕದ ಮೇಲೆ ಬೆರಳಿಟ್ಟಳು. "ಇದು ಖಾಲಿ?"

"ಸಾಹೇಬರು ಊರಲ್ಲಿಲ್ಲ. ಅನುಮತಿ ಇನ್ನೂ ಬರಬೇಕು."

ಸುಳ್ಳು ಹೇಳುವವರನ್ನೇ ಬೆಳಗಿನಿಂದ ನೋಡಿದ ಕಣ್ಣುಗಳು ಅವನನ್ನು ಒಮ್ಮೆ ಅಳೆದವು. "ಅರ್ಜಿ ತಗೊಳ್ತೀನಿ. ಆದರೆ ಜುಲೈ ಹದಿನಾಲ್ಕಕ್ಕೆ ಕೌನ್ಸೆಲಿಂಗ್. ಆ ದಿನ ಅನುಮತಿ ಪತ್ರ ಕೈಯಲ್ಲಿರಬೇಕು. ಇಲ್ಲದಿದ್ದರೆ ನಿಮ್ಮ ಹೆಸರು ಕರೆದು ಮುಂದಿನವರನ್ನು ಕರೀತಾರೆ, ಅಷ್ಟೇ." ಟಪ್ಪನೆ ಮುದ್ರೆ ಬಿತ್ತು.

ಸೋಮವಾರ ಡಾಕ್ಟರ್ ಮೇಡಂಗೆ ಯಾರೂ ಹೇಳುವ ಮೊದಲು ತಾನೇ ಹೋಗಿ ಹೇಳಿದ. ಅವರು ಕನ್ನಡಕ ತೆಗೆದಿಟ್ಟರು. "ಕಡತದಿಂದ ಹಾಳೆ ತೆಗೆದಿರಾ? ನೀವಾ, ಮಹಂತೇಶ್?" ಆಮೇಲೆ, "ಬರೆದಿಟ್ಟೂ ಬಂದಿದ್ದೀರಾ?" ಎಂದು ಹಣೆ ಒತ್ತಿಕೊಂಡರು.

ಮೇಲಿನ ಮಹಡಿಯಲ್ಲಿ ಗುಂಡಣ್ಣನವರು ಇನ್ನೂ ಸಿಟ್ಟಾದರು. "ತೆಗೆದಿದ್ದು ಇರಲಿ ಕಣಯ್ಯಾ! ತೆಗೆದೆ ಅಂತ ಸಹಿ ಹಾಕಿ, ಪುಟಸಂಖ್ಯೆ ಬೇರೆ ಕೊಟ್ಟು ಬಂದೆಯಲ್ಲ! ಸಾವಿರ ಕಡತ ನೋಡಿದ್ದೀನಿ, ತಪ್ಪಿಗೆ ಪುಟಸಂಖ್ಯೆ ಕೊಟ್ಟವನನ್ನು ನೋಡಿರಲಿಲ್ಲ."

"ಸುಮ್ಮನಿರ್ರೀ," ಎಂದರು ಮನೋರಮಾ. "ಅಷ್ಟು ನೆಟ್ಟಗೆ ನೀವು ಒಂದು ದಿನ ಬರೆದಿದ್ರೆ ಡೆಪ್ಯುಟಿ ಸೆಕ್ರೆಟರಿ ಆಗಿರ್ತಿದ್ರಿ."

ಜೂನ್ ಕೊನೆಗೆ ಮೆಮೊ ಬಂತು. ಅಧಿಕೃತ ಕಡತದಿಂದ ಅನುಮತಿಯಿಲ್ಲದೆ ಹಾಳೆ ತೆಗೆದಿದ್ದಕ್ಕೆ ವಿವರಣೆ ಕೊಡಬೇಕು. ಕಾಗದ ಗಾಳಿಗೆ ಜಾರಿ ಬಿದ್ದಿತ್ತು ಎಂದು ಬರೆಯಲು ಗುಂಡಣ್ಣ ಕರಡು ತಯಾರಿಸಿ ತಂದರು. ಮಹಂತೇಶ ಅವರಿಗೆ ಚಹಾ ಕೊಟ್ಟು, ಕರಡನ್ನು ಮಡಿಚಿ ವಾಪಸು ಕೊಟ್ಟ. ತಾನೇ ನಾಲ್ಕು ಸಾಲು ಬರೆದ. ತೆಗೆದದ್ದು ಹೌದು. ನಿಯಮ ಗೊತ್ತಿತ್ತು. ಇನ್ನೊಂದು ಪ್ರತಿ ಮೊದಲೇ ಕೊಡದಿದ್ದುದು ನನ್ನದೇ ತಪ್ಪು. ಓದಬೇಕೆಂಬ ಆಸೆ ಬಹಳ ಇತ್ತು.

"ಕೊನೆಯ ಸಾಲು ಬೇಕಾ?" ಇಂದಿರಾ ಕೇಳಿದಳು. "ಆಸೆ ಗೀಸೆ ಅಂತ ಸರ್ಕಾರಕ್ಕೆ ಯಾರಾದರೂ ಬರೀತಾರಾ?"

"ಅವರು ಕಾರಣ ಕೇಳಿದ್ದಾರಲ್ಲ. ಬೇರೆ ಯಾವುದಿದೆ?"

ಜುಲೈ ಏಳಕ್ಕೆ ಕಾಲೇಜಿನ ಫಲಕದಲ್ಲಿ ಪಟ್ಟಿ ಬಂತು. ಹನ್ನೆರಡರಲ್ಲಿ ಅವನದು ಒಂಬತ್ತನೇ ಹೆಸರು. ಬೆರಳಿಟ್ಟು ನೋಡಿ ಬಂದ, ಮರುದಿನ ಮತ್ತೆ ಹೋಗಿ ನೋಡಿ ಬಂದ. ಮುಖ್ಯ ಕಚೇರಿಯಿಂದ ಮಾತ್ರ ಏನೂ ಇಲ್ಲ. ಹತ್ತು ಕಳೆಯಿತು, ಹನ್ನೊಂದು ಕಳೆಯಿತು. ಮಳೆ ಬಂದು ಔಷಧಾಲಯದ ಅಂಗಳದಲ್ಲಿ ನೀರು ನಿಂತಿತು, ಸಾಲಿನ ಮುದುಕರು ಕೊಡೆ ಹಿಡಿದು ನಿಂತರು. ಆ ದಿನಗಳಲ್ಲಿ ಮಹಂತೇಶ ಕಿಟಕಿಯಲ್ಲಿ ಎಲ್ಲಿಗೂ ಹೋಗಲಿಲ್ಲ. ಪ್ರತಿ ಗುಳಿಗೆಯನ್ನೂ ಕಣ್ಣಿಟ್ಟು ಎಣಿಸಿದ. "ಯಾಕೆ ಭಾಯಿ, ಹುಷಾರಿಲ್ವಾ?" ಎಂದು ಸಾಲಿನವರೇ ಕೇಳಿದರು.

ಹದಿಮೂರರ ಮಧ್ಯಾಹ್ನ ಎರಡಕ್ಕೆ ಐದು ನಿಮಿಷವಿರುವಾಗ ಡಾಕ್ಟರ್ ಮೇಡಂ ಕರೆಸಿ ಕಂದು ಲಕೋಟೆಯೊಂದನ್ನು ಕೊಟ್ಟರು. ಅವರು ಒಡೆದಿರಲಿಲ್ಲ. ಅವನೂ ಅಲ್ಲಿ ಒಡೆಯಲಿಲ್ಲ. ಮಳೆಯಲ್ಲಿ ನೆನೆಯದಂತೆ ಹಿಡಿದುಕೊಂಡು ಕ್ವಾರ್ಟರ್ಸಿಗೆ ನಡೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಇಂದಿರಾಳ ಕೈಗೆ ಕೊಟ್ಟ.

ಒಳಗೆ ಎರಡು ಹಾಳೆಗಳಿದ್ದವು. ಒಂದೇ ದಿನಾಂಕ, ಒಂದೇ ಸಹಿ. ಇಂದಿರಾ ಮೊದಲ ಹಾಳೆ ಓದುತ್ತಿದ್ದಂತೆ ಅವಳ ಮುಖ ಸಣ್ಣಗಾಯಿತು. ಕಡತದ ಹಾಳೆ ತೆಗೆದದ್ದು ಸರ್ಕಾರಿ ನೌಕರನಿಗೆ ತಕ್ಕ ನಡತೆಯಲ್ಲ, ಶ್ರೀ ಮಹಂತೇಶರಿಗೆ ಇದರಿಂದ ಎಚ್ಚರಿಕೆ ಕೊಡಲಾಗಿದೆ, ಇದನ್ನು ಅವರ ಸೇವಾ ದಾಖಲೆಯಲ್ಲಿ ಸೇರಿಸಲಾಗುವುದು.

"ಸೇವಾ ಪುಸ್ತಕದಲ್ಲೇ ಬರೀತಾರಂತೆ," ಎಂದಳು.

"ಬರೀಲಿ. ಇನ್ನೊಂದು?"

ಅವಳು ಎರಡನೆಯದನ್ನು ನಿಧಾನವಾಗಿ, ಶಾಲೆಯ ಹುಡುಗಿಯಂತೆ ಪದಪದಕ್ಕೂ ನಿಂತು ಓದಿದಳು. ಬಿ.ಫಾರ್ಮಾ ವ್ಯಾಸಂಗಕ್ಕೆ ಇಲಾಖೆಯ ಅಭ್ಯಂತರವಿಲ್ಲ. ಅಧ್ಯಯನ ರಜೆ ಮಂಜೂರಾಗಿದೆ. ಓದು ಮುಗಿಸಿ ಇಲಾಖೆಗೇ ಮರಳಬೇಕು. ಓದಿ ಮುಗಿಸಿ ಮತ್ತೊಮ್ಮೆ ಮೇಲಿಂದ ಓದಿದಳು.

"ಬೈದೇ ಕಳಿಸಿದ್ದಾರೆ," ಎಂದಳು. "ಕಳಿಸಿದ್ದಾರಲ್ಲ ರೀ!"

ಮಹಂತೇಶ ಬಾಗಿಲ ಚೌಕಟ್ಟಿಗೆ ಒರಗಿಕೊಂಡ. ಹೊರಗೆ ಮಳೆ ನಿಂತು ತಾರಸಿಯ ಕೊಳವೆಯಿಂದ ನೀರು ಇಳಿಯುವ ಸದ್ದು ಮಾತ್ರ ಕೇಳುತ್ತಿತ್ತು. ಕುಳಿತುಕೊಂಡು ಎರಡೂ ಹಾಳೆಗಳ ಸ್ವೀಕೃತಿಯ ಮೇಲೆ ಸಹಿ ಹಾಕಿದ, ಮೊದಲು ಎಚ್ಚರಿಕೆಯದಕ್ಕೆ, ಆಮೇಲೆ ಅನುಮತಿಯದಕ್ಕೆ. ಇಂದಿರಾ ಅಷ್ಟರಲ್ಲಿ ಅವನ ಬಿಳಿ ಅಂಗಿಯನ್ನು ಇಸ್ತ್ರಿಯವನಿಗೆ ಕೊಡಲು ಹುಡುಕುತ್ತಿದ್ದಳು.

"ನಾಳೆ ಎಷ್ಟು ಗಂಟೆಗಂತೆ?"

"ಹತ್ತಕ್ಕೆ."

"ಹಾಗಾದರೆ ಏಳಕ್ಕೇ ಹೊರಡಿ. ಬಸ್‌ಸ್ಟಾಪಿನಲ್ಲಿ ಮರ ನೋಡ್ತಾ ನಿಲ್ಲಬೇಡಿ, ನಿಮ್ಮ ಕೈ ಮುಗೀತೀನಿ. ಅನನ್ಯಾಳನ್ನು ಜೊತೆಗೆ ಕಳಿಸ್ತೀನಿ. ಬಸ್ಸು ಬಂದಾಗ ಅವಳು ಹೇಳ್ತಾಳೆ."